ಮೌಸ್ ಯಾರ ಕೈಯಲ್ಲಿದೆ?



ದತ್ತಿ ಉಪನ್ಯಾಸವೆಂದರೆ ವಚನಗಳ ಮೇಲೋ ದಾಸರ ಪದಗಳ ಮೇಲೋ ಇರುತ್ತದೆಂದು ಬಂದವರಿಗೆ ಇವತ್ತು ಕೊಂಚ ನಿರಾಸೆಯಾಗಬಹುದು. ನಾನು ಆರಿಸಿಕೊಂಡಿರುವುದು ತೀರ ಸಣ್ಣ ಸಂಗತಿ. ಎಂಟರಿಂದ ಹನ್ನೊಂದು ವರ್ಷದ ಮೂರು ನಾಲ್ಕು ಮಕ್ಕಳು ಒಂದೇ ಕಂಪ್ಯೂಟರಿನ ಮುಂದೆ ಒತ್ತಿಕೊಂಡು ಕೂತು ಏನನ್ನೋ ಹುಡುಕುತ್ತಿರುತ್ತಾರಲ್ಲ, ಆ ಹೊತ್ತಿನಲ್ಲಿ ಅವರ ನಡುವೆ ನಡೆಯುವುದೇನು? ಶಿಕ್ಷಕರ ತರಬೇತಿಯ ಕೆಲಸದಲ್ಲಿದ್ದಾಗ ಇದನ್ನು ಮಕ್ಕಳ ಬೆನ್ನ ಹಿಂದೆ ನಿಂತು ನೋಡುವ ಅವಕಾಶ ನನಗೆ ಮತ್ತೆ ಮತ್ತೆ ಸಿಕ್ಕಿತು. ಶಾಲೆಗೆ ಭೇಟಿ ಕೊಟ್ಟ ಅಧಿಕಾರಿಗಳು ಕಂಪ್ಯೂಟರ್ ಎಣಿಸುತ್ತಾರೆ, ಯುಪಿಎಸ್ ಕೆಲಸ ಮಾಡುತ್ತಿದೆಯೇ ನೋಡುತ್ತಾರೆ, ರಿಜಿಸ್ಟರಿಗೆ ಸಹಿ ಹಾಕಿ ಹೋಗುತ್ತಾರೆ. ಮಕ್ಕಳ ಮಾತು ಯಾರ ರಿಜಿಸ್ಟರಿನಲ್ಲೂ ಇಲ್ಲ.

ಎಣಿಕೆಯ ಹಿಂದೆ ಒಂದು ಚರಿತ್ರೆ ಇದೆ. 2001ರಲ್ಲಿ ರಾಜ್ಯ ಸರ್ಕಾರ ‘ಮಾಹಿತಿ ಸಿಂಧು’ ಯೋಜನೆಯಲ್ಲಿ 1000 ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತರಲು ಹೊರಟಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಪ್ರಾಥಮಿಕ ಶಾಲೆಗಳಲ್ಲಿ ಕಂಪ್ಯೂಟರ್ ಆಧಾರಿತ ಕಲಿಕಾ ಕೇಂದ್ರಗಳನ್ನು ತೆರೆಯಿತು, ಕನ್ನಡದಲ್ಲಿ ಪಾಠದ ಸಿ.ಡಿ.ಗಳನ್ನು ಮಾಡಿಸಿತು. ಎರಡೂ ಕಡೆ ಯಂತ್ರ ಕಡಿಮೆ, ಮಕ್ಕಳು ಹೆಚ್ಚು. ಹಾಗಾಗಿ ಹಂಚಿಕೊಂಡು ಕೂರುವುದು ಬಡವರ ಪಾಲಿನ ಅನಿವಾರ್ಯ ಎಂಬ ಭಾವನೆ ಬೇರೂರಿತು. ಒಳ್ಳೆಯ ಶಾಲೆಯೆಂದರೆ ಮಗುವಿಗೊಂದು ಕಂಪ್ಯೂಟರ್ ಇರುವ ಶಾಲೆ ಎಂದು ತಂದೆತಾಯಿ ನಂಬಿದರು. ಬೆಂಗಳೂರಿನ ಈ ವಿಜಯನಗರದ ಖಾಸಗಿ ಶಾಲೆಗಳ ಜಾಹೀರಾತು ಹೇಳುವುದೂ ಅದನ್ನೇ. ಈ ನಂಬಿಕೆಯ ಮೇಲೆ ನನಗೆ ಅನುಮಾನ. ಮಾಹಿತಿ ಹುಡುಕುವ ಕೆಲಸದ ಮಟ್ಟಿಗಂತೂ ಚಿಕ್ಕ ಮಕ್ಕಳು ಒಟ್ಟಿಗೆ ಕೂರಬೇಕು, ಯಂತ್ರ ಬೇಕಾದಷ್ಟಿದ್ದರೂ ಒಟ್ಟಿಗೇ ಕೂರಬೇಕು. ಆದರೆ ಕೂರಿಸಿಬಿಟ್ಟರೆ ಕೆಲಸ ಮುಗಿಯಿತು ಅಂದುಕೊಳ್ಳುವ ಹಾಗಿಲ್ಲ.

ಯಾಕಿಲ್ಲ ಎಂಬುದಕ್ಕೆ ಇಲ್ಲಿಗೆ ಹತ್ತಿರದಲ್ಲೇ, ಸದಾಶಿವನಗರದಲ್ಲಿ, ಒಂದು ಉತ್ತರ ಸಿಕ್ಕಿತ್ತು. 2005ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಅಲ್ಲಿ ತನ್ನ ಸಂಶೋಧನಾಲಯ ತೆರೆಯಿತು. ಅಲ್ಲಿನ ಉದಯ್ ಸಿಂಗ್ ಪವಾರ್, ಜಯೋಜೀತ್ ಪಾಲ್, ಕೆಂಟಾರೊ ಟೊಯಾಮಾ ಮುಂತಾದವರು ಹಳ್ಳಿ ಶಾಲೆಗಳ ಕಂಪ್ಯೂಟರ್ ಕೋಣೆಗೆ ಹೋಗಿ ನೋಡಿದರು. ಕಂಡದ್ದು ನಮ್ಮ ಯಾವ ಶಿಕ್ಷಕರಿಗೂ ಹೊಸದಲ್ಲ: ಮೌಸ್ ಹಿಡಿದ ಮಗು ಒಂದು, ಬಾಯಿ ಬಿಟ್ಟುಕೊಂಡು ನೋಡುವ ಮಕ್ಕಳು ನಾಲ್ಕು. ಹೊಸದಿದ್ದದ್ದು ಅವರ ಉಪಾಯ. ಒಂದೇ ಕಂಪ್ಯೂಟರಿಗೆ ಐದು ಮೌಸ್ ಜೋಡಿಸಿದರು, ತೆರೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಬಾಣದ ಗುರುತು. ಮೌಸಿನ ಬೆಲೆ ಆಗಲೇ ನೂರಿನ್ನೂರು ರೂಪಾಯಿಗೆ ಇಳಿದಿತ್ತು. ಕಂಪ್ಯೂಟರಿನ ಬೆಲೆ ಅಷ್ಟು ಇಳಿದಿರಲಿಲ್ಲ. 238 ಗ್ರಾಮೀಣ ಮಕ್ಕಳ ಮೇಲೆ ನಡೆಸಿದ ಪ್ರಯೋಗದ ವರದಿ 2007ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಪದ ಕಲಿಯುವ ಆಟದಲ್ಲಿ ಐದು ಮಕ್ಕಳು ಐದು ಮೌಸ್ ಹಿಡಿದು ಒಂದು ಯಂತ್ರದ ಮುಂದೆ ಕೂತಾಗ, ಒಂಟಿಯಾಗಿ ಕೂತ ಮಗುವಿನಷ್ಟೇ ಪದ ಕಲಿತರು.

ಅದಕ್ಕಿಂತ ನನಗೆ ಹಿಡಿಸಿದ್ದು ಅದರೊಳಗಿನ ಇನ್ನೊಂದು ಸಂಗತಿ. ಆಟವನ್ನು ಅವರು ಎರಡು ಬಗೆಯಲ್ಲಿ ಮಾಡಿದ್ದರು. ಒಂದರಲ್ಲಿ ಯಾರು ಮೊದಲು ಸರಿಯಾದ ಚಿತ್ರ ಒತ್ತುತ್ತಾರೋ ಅಲ್ಲಿಗೆ ಮುಂದಿನ ಪ್ರಶ್ನೆ. ಇನ್ನೊಂದರಲ್ಲಿ ಐದೂ ಮಕ್ಕಳು ಸರಿ ಉತ್ತರದ ಮೇಲೆ ಒತ್ತುವ ತನಕ ಪರದೆ ಅಲುಗುವುದಿಲ್ಲ. ಯಂತ್ರ ಅದೇ, ಪದ ಅವೇ. ಇಷ್ಟು ಸಣ್ಣ ಬದಲಾವಣೆಗೆ ಮಕ್ಕಳ ವರ್ತನೆ, ಕಲಿಕೆ ಎರಡೂ ಬೇರೆಯಾದವು. ಹುಡುಗಿಯರು ಹೇಗೆ ಕೂರಿಸಿದರೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕಲಿತರು. ಆಟದ ನಿಯಮ ಬದಲಾದಂತೆ ಏರಿಳಿದದ್ದು ಹುಡುಗರ ಕಲಿಕೆ. ಎಲ್ಲರೂ ಮುಟ್ಟುವ ತನಕ ಯಾರೂ ಮುಂದೆ ಹೋಗುವಂತಿಲ್ಲ ಎಂಬ ನಿಯಮವನ್ನು ನಾನು ಅನೇಕ ತರಬೇತಿಗಳಲ್ಲಿ ಹೇಳಿದ್ದೇನೆ. ಶಿಕ್ಷಕರು ನಕ್ಕು, “ಸಾರ್, ಹಂಗಾದ್ರೆ ಸಿಲಬಸ್ ಮುಗಿಯಲ್ಲ” ಅನ್ನುತ್ತಾರೆ. ಅವರ ಕಷ್ಟ ಅವರಿಗೆ.

ಇವೆಲ್ಲ ಸರಿ ಉತ್ತರ ಮೊದಲೇ ಒಳಗಿರುವ ಆಟಗಳು. ಹುಡುಕಾಟದ ಸ್ವಭಾವ ಬೇರೆ. ಅಲ್ಲಿ ಯಾವ ಪದ ಹಾಕಬೇಕು, ಬಂದ ಹತ್ತರಲ್ಲಿ ಯಾವುದನ್ನು ತೆರೆಯಬೇಕು, ತೆರೆದದ್ದನ್ನು ನಂಬಬೇಕೋ ಬೇಡವೋ, ಒಂದೊಂದೂ ತೀರ್ಮಾನವೇ. ಕೆನಡಾದ ಆಂಡ್ರ್ಯೂ ಲಾರ್ಜ್ ಮತ್ತು ಸಂಗಡಿಗರು ಆರನೆಯ ತರಗತಿಯ ಮಕ್ಕಳು ಗುಂಪಾಗಿ ಅಂತರಜಾಲದಲ್ಲಿ ಹುಡುಕುವುದನ್ನು ಗಮನಿಸಿ 2002ರಲ್ಲಿ ಬರೆದರು. ಹುಡುಗರ ಗುಂಪುಗಳು ಚುಟುಕು ಪದ ಹಾಕಿ, ಪುಟದ ಮೇಲೆ ಕಣ್ಣು ನಿಲ್ಲಿಸದೆ, ಸಿಕ್ಕಸಿಕ್ಕ ಕೊಂಡಿ ಒತ್ತುತ್ತ ಹೋದವು. ಹುಡುಗಿಯರ ಗುಂಪುಗಳು ಪುಟದಲ್ಲಿ ಹೆಚ್ಚು ಹೊತ್ತು ನಿಂತವು. ಅದಕ್ಕೂ ಮೊದಲು, 1995ರಲ್ಲಿ, ವ್ಯಾಂಕೂವರಿನಲ್ಲಿ ಕೋರಿ ಇಂಕ್‌ಪೆನ್ ಮತ್ತಿತರರು ಮಕ್ಕಳಿಗೆ ಒಗಟಿನಂಥ ಕಂಪ್ಯೂಟರ್ ಆಟ ಕೊಟ್ಟು ನೋಡಿದ್ದರು. ಪಕ್ಕಪಕ್ಕದಲ್ಲಿ ಎರಡು ಯಂತ್ರ ಕೊಟ್ಟಾಗಿನದಕ್ಕಿಂತ ಒಂದೇ ಯಂತ್ರ ಕೊಟ್ಟಾಗ ಹುಡುಗಿಯರ ಜೋಡಿಗಳು ಹೆಚ್ಚು ಒಗಟು ಬಿಡಿಸಿದವು. ಎರಡನೆಯ ಯಂತ್ರ ಕೊಡುವುದು ಕೆಲವೊಮ್ಮೆ ಇದ್ದುದನ್ನು ಕಿತ್ತುಕೊಂಡಂತೆ.

ಈಗ ನಮ್ಮ ವಿಜಯನಗರಕ್ಕೆ ಬರೋಣ. ಕೊರೊನಾಗೆ ಮುಂಚಿನ ಮಾತು. ಈ ಭಾಗದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಐದನೆಯ ತರಗತಿ. ಶಿಕ್ಷಕಿ ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದಿದ್ದರು: ವಿಜಯನಗರಕ್ಕೆ ಮೆಟ್ರೋ ರೈಲು ಯಾವಾಗ ಬಂತು? ಒಂದು ಕಂಪ್ಯೂಟರಿಗೆ ನಾಲ್ಕು ಮಕ್ಕಳು. ನಾನು ನಿಂತ ಕಡೆ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಮೌಸ್ ತರಗತಿಯ ಲೀಡರ್ ಹುಡುಗನ ಕೈಯಲ್ಲಿ. ಅದನ್ನು ಯಾರೂ ಕೊಟ್ಟಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಮೊದಲು ಬರೀ ‘ವಿಜಯನಗರ’ ಅಂತ ಹಾಕಿದರು. ಹಂಪಿಯ ಕಲ್ಲಿನ ರಥ ಬಂತು, ಕೃಷ್ಣದೇವರಾಯ ಬಂದ, ಬಳ್ಳಾರಿಯ ವಿಶ್ವವಿದ್ಯಾಲಯ ಬಂತು. ಹುಡುಗ ರಥದ ಮೇಲೆ ಒತ್ತಿಯೇಬಿಟ್ಟ.

“ಲೋ, ಅದು ನಮ್ ವಿಜಯನಗರ ಅಲ್ಲ ಕಣೋ.”

“ಅದೇ ಕಣೇ. ಹಂಪಿನಗರ ಇಲ್ವಾ ಇಲ್ಲಿ?”

“ಹಂಪಿನಗರ ಬೇರೆ, ಹಂಪಿ ಬೇರೆ. ನಮ್ಮತ್ತೆ ಹೊಸಪೇಟೇಲಿರೋದು. ಅಲ್ಲಿ ಮೆಟ್ರೋ ಎಲ್ಲಿದೆ?”

ಹೀಗೆ ‘ಮೆಟ್ರೋ’ ಎಂಬ ಪದ ಹುಡುಕಾಟದ ಪೆಟ್ಟಿಗೆಯೊಳಗೆ ಬಂತು, ಆಮೇಲೆ ‘ಬೆಂಗಳೂರು’ ಬಂತು. ಯಾವ ಪದ ಸೇರಿಸಿದರೆ ಹುಡುಕಾಟ ಕಿರಿದಾಗುತ್ತದೆ ಎಂದು ನಾವು ತರಬೇತಿಯಲ್ಲಿ ಸ್ಲೈಡು ಹಾಕಿ ಹೇಳುವ ಪಾಠವನ್ನು ಒಬ್ಬಳು ಅತ್ತೆಯ ಊರಿನಿಂದ ತಂದಳು. ಅಷ್ಟರಲ್ಲಿ ಇನ್ನೊಂದು ತೊಡಕು. ಪರದೆಯ ಮೇಲೆ ಮೊದಲು ಕಂಡ ಇಸವಿ 2011. ಹುಡುಗರಿಬ್ಬರೂ ಪುಸ್ತಕದಲ್ಲಿ ಬರೆದುಕೊಂಡಾಯಿತು. ಅಲ್ಲಿಯ ತನಕ ತುಟಿ ಬಿಚ್ಚದಿದ್ದ ಎರಡನೆಯ ಹುಡುಗಿ ಆಗ ಬಾಯಿ ತೆರೆದಳು. ತಾನು ಒಂದನೇ ಕ್ಲಾಸಿನಲ್ಲಿದ್ದಾಗ ರೈಲು ಬಂದದ್ದು, ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದು, 2011ರಲ್ಲಿ ತನಗೆ ಎರಡೇ ವರ್ಷ. ಲೀಡರ್ ಒಪ್ಪಲಿಲ್ಲ. “ಗೂಗಲ್ಲಲ್ಲೇ ಇದೆ, ನೋಡು.” ಅವಳು ಪರದೆಗೆ ಬೆರಳು ತಾಗಿಸಿ ಆ ಸಾಲನ್ನು ಅಕ್ಷರ ಕೂಡಿಸಿಕೊಂಡು ಓದಿಸಿದಳು. ಅದರಲ್ಲಿದ್ದದ್ದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿದ ಮೊದಲ ರೈಲು. ಮತ್ತೆ ಕೆಳಗೆ ಎಳೆದರು. ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯ ತನಕದ ದಾರಿ, 2015ರ ನವೆಂಬರ್ 16. ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆ ಎಂದು ನಿಲ್ದಾಣಗಳ ಹೆಸರನ್ನು ನಾಲ್ವರೂ ಒಟ್ಟಿಗೆ ಕೂಗಿ ಓದಿದರು. ಪಕ್ಕದ ಗುಂಪು ತಿರುಗಿ ನೋಡಿ ತನ್ನ 2011 ಅನ್ನು ರಬ್ಬರಿನಿಂದ ಅಳಿಸಿತು.

ಒಬ್ಬನೇ ಕೂತಿದ್ದರೆ ಆ ಲೀಡರ್ ಹುಡುಗ ಒಂದು ನಿಮಿಷದಲ್ಲಿ ಉತ್ತರ ಮುಗಿಸಿ ಕಾರಿನ ಆಟ ತೆರೆಯುತ್ತಿದ್ದ. ಅವನು ಜಾಣನೇ, ಕೈಯೂ ಚುರುಕು. ಅವನಿಗೆ ಸಿಕ್ಕ ಇಸವಿಯೂ ಸುಳ್ಳಲ್ಲ, ಬೇರೆ ಪ್ರಶ್ನೆಯ ಉತ್ತರ ಅಷ್ಟೆ. ಮಾಹಿತಿ ಹುಡುಕುವಾಗ ಮಕ್ಕಳು, ದೊಡ್ಡವರು ಎಲ್ಲರೂ ಹೆಚ್ಚಾಗಿ ಎಡವುವುದು ಇಂಥ ಉತ್ತರಗಳಿಗೇ. ಅದನ್ನು ಹಿಡಿಯಲು ಪರದೆಯಾಚೆಯ ತಿಳಿವಳಿಕೆ ಬೇಕು. ನಾಲ್ಕು ಮನೆಯ ಮಕ್ಕಳು ಕೂತಾಗ ನಾಲ್ಕು ಮನೆಯ ತಿಳಿವಳಿಕೆ ಬಂದು ಕೂರುತ್ತದೆ. ಅತ್ತೆಯ ಊರಾಗಲಿ ಅಪ್ಪನ ಹೆಗಲಾಗಲಿ ಗೂಗಲಿನಲ್ಲಿ ಇರಲಿಲ್ಲ.

ಆದರೆ ಅವತ್ತು ನಾನು ಕೋಣೆಯಲ್ಲಿ ಕಂಡ ಉಳಿದ ಗುಂಪುಗಳಲ್ಲಿ ಹೀಗಾಗಲಿಲ್ಲ ಎಂಬುದನ್ನೂ ಹೇಳಬೇಕು. ಒಂದು ಕಡೆ “ಕೊಡೋ ಇಲ್ಲಿ”, “ನಂದು ಟರ್ನು”, “ಮಿಸ್, ಇವನೇ ಇಟ್ಕೊಂಡಿದಾನೆ” ಎಂಬುದರಲ್ಲೇ ಪೀರಿಯಡ್ ಮುಗಿಯಿತು. ಇನ್ನೊಂದು ಕಡೆ ಮೌಸ್ ಹಿಡಿದವಳು ಹೇಳಿದ್ದಕ್ಕೆಲ್ಲ ಉಳಿದವರು ಹೂಂಗುಟ್ಟಿ ಬರೆದುಕೊಂಡರು. ಇಂಗ್ಲೆಂಡಿನ ನೀಲ್ ಮರ್ಸರ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಕಂಪ್ಯೂಟರಿನ ಮುಂದೆ ಕೂತ ಮಕ್ಕಳ ಮಾತನ್ನು ದಾಖಲಿಸಿಕೊಂಡು ಕೇಳಿದರು. ಮಾತನ್ನು ಅವರು ಮೂರು ಬಗೆಯಾಗಿ ವಿಂಗಡಿಸಿದರು: ಜಗಳದ ಮಾತು, ಹೂಂಗುಟ್ಟುವ ಮಾತು, ಕಾರಣ ಕೇಳಿ ಕಾರಣ ಕೊಡುವ ಮಾತು. ಮೂರನೆಯದು ಅಪರೂಪವಾಗಿತ್ತು. ಅಲ್ಲಿನ ಶಾಲೆಗಳಲ್ಲಿ ಯಂತ್ರದ ಕೊರತೆ ನಮ್ಮಷ್ಟಿರಲಿಲ್ಲ, ಆದರೂ ಅಪರೂಪ. ಮಾತಿನ ನಿಯಮಗಳನ್ನು ಮಕ್ಕಳ ಜೊತೆ ಕೂತು ಮಾಡಿಕೊಂಡ ಮೇಲೆ ಆ ಮಾತು ಹೆಚ್ಚಿತು ಎಂದು ಮರ್ಸರ್, ಲಿನ್ ಡಾಸ್, ರೂಪರ್ಟ್ ವೆಗೆರಿಫ್ ತೋರಿಸಿದರು. ನಿಯಮಗಳೋ ತೀರ ಸಾದಾ: ಎಲ್ಲರನ್ನೂ ಕೇಳಬೇಕು, ಯಾಕೆ ಅಂತ ಕೇಳಬೇಕು, ಒಪ್ಪಿದ ಮೇಲೇ ಒತ್ತಬೇಕು. ನಮ್ಮ ಮನೆಗಳಲ್ಲಿ ದೊಡ್ಡವರಿಗೆ ‘ಯಾಕೆ’ ಅಂದರೆ ಎದುರು ಮಾತು. ಆ ಪದವನ್ನು ಶಾಲೆ ಕಲಿಸದಿದ್ದರೆ ಮಗು ಎಲ್ಲಿ ಕಲಿಯಬೇಕು?

ನಮ್ಮ ಸರ್ಕಾರಿ ಶಾಲೆಗಳಿಗೆ ಇದು ಹೊರಗಿನಿಂದ ಬರಬೇಕಾದ ವಿದ್ಯೆಯೇನೂ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಪದ್ಧತಿ ನೋಡಿಬಂದ ಶಿಕ್ಷಕರು ಶುರುಮಾಡಿದ ನಲಿ-ಕಲಿ ಮುಂದೆ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ಹರಡಿತು. ಅಲ್ಲಿ ಮಕ್ಕಳು ನೆಲದ ಮೇಲೆ ‘ತಟ್ಟೆ’ಗಳಾಗಿ ಕೂರುತ್ತಾರೆ. ಶಿಕ್ಷಕರ ಸಹಾಯದ ತಟ್ಟೆ ಇದ್ದ ಹಾಗೆ ಗೆಳೆಯರ ಸಹಾಯದ ತಟ್ಟೆಯೂ ಇದೆ. ಮುಂದಿನ ಮೆಟ್ಟಿಲಿನ ಮಗು ಹಿಂದಿನದಕ್ಕೆ ಕಾರ್ಡು ಓದಿಸುತ್ತದೆ. ಇನ್ನೂ ಹಿಂದೆ ಹೋದರೆ, ಹದಿನೆಂಟನೆಯ ಶತಮಾನದ ಕೊನೆಗೆ ಮದರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಇಲ್ಲಿನ ಮಕ್ಕಳು ಮರಳಿನ ಮೇಲೆ ಬರೆಯುತ್ತ ಕಲಿಯುವುದನ್ನು ಕಂಡು, ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸುವ ಪದ್ಧತಿ ಕಟ್ಟಿದ. ಅದನ್ನು ಇಂಗ್ಲೆಂಡಿಗೆ ಒಯ್ದು, 1797ರಲ್ಲಿ ಅದರ ಮೇಲೆ ಪುಸ್ತಕ ಪ್ರಕಟಿಸಿದ. ಇಷ್ಟೆಲ್ಲ ಇದ್ದೂ, ಮೂರನೆಯ ತರಗತಿ ದಾಟಿದ ಮಗುವನ್ನು ನಾವು ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಪಕ್ಕದವನ ಪುಸ್ತಕ ನೋಡಬೇಡ ಅನ್ನುತ್ತೇವೆ. ಕಂಪ್ಯೂಟರ್ ಕೋಣೆಗೆ ಬರುವ ಹೊತ್ತಿಗೆ ಅದು ತಟ್ಟೆಯಲ್ಲಿ ಕಲಿತದ್ದನ್ನು ಮರೆತಿರುತ್ತದೆ.

ಶಿಕ್ಷಕರೇ ಬೇಡ, ಗೋಡೆಗೆ ಕಂಪ್ಯೂಟರ್ ಹುದುಗಿಸಿ ಬಿಟ್ಟರೆ ಮಕ್ಕಳು ತಾವೇ ಕಲಿಯುತ್ತಾರೆ ಎಂಬ ವಾದ ನಿಮಗೆ ಗೊತ್ತಿರುತ್ತದೆ. 1999ರಲ್ಲಿ ದೆಹಲಿಯ ಕಾಲ್ಕಾಜಿಯಲ್ಲಿ ಸುಗತ ಮಿತ್ರ ಶುರುಮಾಡಿದ ಪ್ರಯೋಗ ಅದು. ಮಕ್ಕಳು ಗುಂಪಿನಲ್ಲಿ ಬೇಗ ಕಲಿಯುತ್ತಾರೆ ಎಂದು ಜಗತ್ತಿಗೆ ಗಟ್ಟಿಯಾಗಿ ಹೇಳಿದ್ದು ಅವರ ದೊಡ್ಡ ಕೊಡುಗೆ. ಶಿಕ್ಷಕರನ್ನು ಪಕ್ಕಕ್ಕೆ ಸರಿಸಿದ್ದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಪಾಯಲ್ ಅರೋರಾ ಉತ್ತರಾಖಂಡದ ಅಲ್ಮೋರಾ, ಹವಾಲ್‌ಬಾಗ್‌ಗಳ ಇಂಥ ಗೋಡೆಗಳನ್ನು ಹುಡುಕಿಕೊಂಡು ಹೋದಾಗ ಅವು ನಿಂತುಹೋಗಿದ್ದವು. 2010ರಲ್ಲಿ ಅದನ್ನು ಬರೆದರು. ಎದುರು ತುದಿಯಲ್ಲಿ, ಮಗುವಿಗೊಂದು ಲ್ಯಾಪ್‌ಟಾಪ್ ಕೊಟ್ಟ ಪೆರು ದೇಶದ 319 ಶಾಲೆಗಳ ಅಧ್ಯಯನ 2012ರಲ್ಲಿ ಬಂತು. ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಹೇಳಿಕೊಳ್ಳುವ ಏರಿಕೆ ಕಾಣಲಿಲ್ಲ. ಐದು ಮೌಸಿನ ಕೆಲಸದಲ್ಲಿ ಪಾಲುದಾರರಾಗಿದ್ದ ಟೊಯಾಮಾ ಅವರೇ 2015ರ ತಮ್ಮ ಪುಸ್ತಕದಲ್ಲಿ, ತಂತ್ರಜ್ಞಾನ ಇದ್ದುದನ್ನು ಹಿಗ್ಗಿಸುತ್ತದೆಯೇ ಹೊರತು ಇಲ್ಲದ್ದನ್ನು ತಂದುಕೊಡುವುದಿಲ್ಲ ಎಂಬ ನಿಲುವಿಗೆ ಬಂದರು. ತರಗತಿಯಲ್ಲಿ ಲೀಡರ್ ಒಬ್ಬನೇ ಮಾತಾಡುವ ಪದ್ಧತಿ ಇದ್ದರೆ ಕಂಪ್ಯೂಟರ್ ಅದನ್ನೂ ಹಿಗ್ಗಿಸುತ್ತದೆ.

ಹಾಗಾದರೆ ಏನು ಮಾಡಬೇಕು ಎಂದು ಶಿಕ್ಷಕ ಮಿತ್ರರು ಕೇಳುತ್ತಾರೆ. ನಾನು ನೋಡಿದವರಲ್ಲಿ ಚೆನ್ನಾಗಿ ನಡೆಸುತ್ತಿದ್ದ ಶಿಕ್ಷಕಿಯೊಬ್ಬರು ಗಡಿಯಾರ ನೋಡಿ ಸರದಿ ಬದಲಿಸುತ್ತಿರಲಿಲ್ಲ. ಐದು ನಿಮಿಷಕ್ಕೊಮ್ಮೆ ಬದಲಿಸಿದರೆ ಮಕ್ಕಳು ನಿಮಿಷ ಎಣಿಸುತ್ತಾರೆ, ಪರದೆ ಓದುವುದಿಲ್ಲ. ಅವರದು ಒಂದೇ ಕಟ್ಟಳೆ: ಮೌಸ್ ಹಿಡಿದವರು ತಮ್ಮ ಮನಸ್ಸಿಗೆ ಬಂದದ್ದನ್ನು ಒತ್ತುವ ಹಾಗಿಲ್ಲ, ಬೇರೆಯವರು ಕಾರಣ ಕೊಟ್ಟು ಹೇಳಿದ್ದನ್ನು ಮಾತ್ರ ಒತ್ತಬೇಕು. ಒಂದು ಹುಡುಕಾಟ ಮುಗಿದರೆ ಮೌಸ್ ಪಕ್ಕದವರಿಗೆ. ಅಧಿಕಾರದ ಕುರ್ಚಿ ಒಮ್ಮೆಗೇ ಗುಮಾಸ್ತನ ಕುರ್ಚಿಯಾಯಿತು. ಚುರುಕು ಹುಡುಗರು ಮೊದಮೊದಲು ಒದ್ದಾಡಿದರು. ಆಮೇಲೆ ಮೌಸ್ ಬಿಟ್ಟುಕೊಟ್ಟು ಬಾಯಿ ಬಳಸುವುದನ್ನು ಕಲಿತರು.

ಕನ್ನಡದ ಕೀಲಿಮಣೆಯ ವಿಷಯ ಇದಕ್ಕೆ ಅಂಟಿಕೊಂಡೇ ಇದೆ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಅಕ್ಷರಗಳ ಕೀಲಿಮಣೆಯ ಮೇಲೆ ಕನ್ನಡದ ಪದ ಮೂಡಿಸುವುದೇ ಒಂದು ಸಾಹಸ. ಒತ್ತಕ್ಷರ ಬಂದರೆ ಗುಂಪಿನಲ್ಲಿ ಗದ್ದಲ. ಅದನ್ನು ಅಡಚಣೆ ಎಂದೇ ಎಲ್ಲರೂ ಹೇಳುತ್ತಾರೆ. ನಾನು ಕಂಡ ಮಟ್ಟಿಗೆ ಆ ಗದ್ದಲದಲ್ಲೇ ಎಲ್ಲರ ಕಣ್ಣೂ ಪದದ ಮೇಲೆ ನೆಡುತ್ತಿತ್ತು. ಮನೆಯಲ್ಲಿ ತೆಲುಗು, ಉರ್ದು, ತಮಿಳು ಆಡುವ ಮಕ್ಕಳು ಈ ಭಾಗದ ಶಾಲೆಗಳಲ್ಲಿ ತುಂಬ. ಅವರಿಗೆ ಒತ್ತಕ್ಷರ ಹೇಳಿಕೊಡುತ್ತಿದ್ದದ್ದು ಪಕ್ಕದ ಮಗು. 2017ರ ಆಗಸ್ಟ್‌ನಲ್ಲಿ ಗೂಗಲ್ ಕನ್ನಡವನ್ನು ಕೇಳಿಸಿಕೊಂಡು ಬರೆಯತೊಡಗಿತು. ಬರೆಯಲು ಬಾರದ ಮಗುವಿಗೆ ಅದು ನಿಜಕ್ಕೂ ಬಾಗಿಲು ತೆರೆಯಿತು. ಆದರೆ ಮೈಕು ಒಂದೇ ದನಿ ಕೇಳುತ್ತದೆ. “ಎಲ್ಲ ಸುಮ್ನಿರ್ರೋ” ಎಂದು ಗದರಿಸಿ ಒಬ್ಬ ಮಾತಾಡಬೇಕು. ಮೊಬೈಲಿನ ಅಂಗೈಯಗಲದ ಪರದೆಗೆ ನಾಲ್ಕು ತಲೆ ಬಾಗುವುದೂ ಕಷ್ಟ.

ಶಾಲೆಯಿಂದ ಹೊರಗೆ ಬಂದರೆ ಪರಿಸ್ಥಿತಿ ಇನ್ನೂ ವಿಚಿತ್ರ. ಪ್ರಾಜೆಕ್ಟ್ ವರ್ಕ್ ಎಂದು ಶಾಲೆ ಕೊಟ್ಟ ವಿಷಯವನ್ನು ತಾಯಿ ಚೀಟಿಯಲ್ಲಿ ಬರೆದುಕೊಂಡು ಜೆರಾಕ್ಸ್ ಅಂಗಡಿಗೆ ಹೋಗುತ್ತಾಳೆ. ಅಂಗಡಿಯವನು ಹುಡುಕಿ, ಕಲರ್ ಪ್ರಿಂಟ್ ತೆಗೆದು, ಪುಟಕ್ಕಿಷ್ಟು ಎಂದು ದುಡ್ಡು ತೆಗೆದುಕೊಳ್ಳುತ್ತಾನೆ. ಮಗುವಿನ ಪಾಲಿಗೆ ಬರುವುದು ಕತ್ತರಿ, ಗೋಂದು. ಹುಡುಕುವುದನ್ನು ಕಲಿತವನು ಅಂಗಡಿಯವನೊಬ್ಬನೇ. ಇದೇ ವಿಜಯನಗರದಲ್ಲಿ ಕೆ.ಎ.ಎಸ್. ಪರೀಕ್ಷೆಗೆ ಓದುವ ಯುವಕ ಯುವತಿಯರು ಎಲ್ಲ ಜಿಲ್ಲೆಗಳಿಂದ ಬಂದು ಗುಂಪು ಗುಂಪಾಗಿ ಓದುತ್ತಾರೆ. ಟೀ ಅಂಗಡಿ ಮುಂದೆ ನಿಂತು ಒಬ್ಬರ ಮೊಬೈಲಿನ ಉತ್ತರವನ್ನು ಇನ್ನೊಬ್ಬರು ಪ್ರಶ್ನಿಸುತ್ತಾರೆ. ಇಪ್ಪತ್ತೈದನೆಯ ವಯಸ್ಸಿನಲ್ಲಿ ದುಡ್ಡು ಕೊಟ್ಟು ಕಲಿಯುವ ಈ ಅಭ್ಯಾಸವನ್ನು ಒಂಬತ್ತನೆಯ ವಯಸ್ಸಿನಲ್ಲಿ ಪುಕ್ಕಟೆ ಕೊಡಬಹುದಿತ್ತು. ಹಂಪಿನಗರದ ಕೇಂದ್ರ ಗ್ರಂಥಾಲಯ ಇದಕ್ಕೆ ತಕ್ಕ ಜಾಗ. ನಮ್ಮ ಆಸ್ತಿ ತೆರಿಗೆಯ ಜೊತೆಗೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದೇವೆ. ಮಕ್ಕಳಿಗಾಗಿ ಇಡುವ ಕಂಪ್ಯೂಟರಿನ ಮುಂದೆ ಒಂಟಿ ಕುರ್ಚಿಯ ಬದಲು ಮೂವರು ಕೂರುವ ಬೆಂಚು ಹಾಕಿಸಿ, ‘ನಿಶ್ಶಬ್ದ’ ಎಂಬ ಬೋರ್ಡನ್ನು ಆ ಮೂಲೆಯಿಂದ ತೆಗೆಸಿ ಎಂಬುದು ನನ್ನ ಕೋರಿಕೆ. ಇಲಾಖೆಯವರು ಯಾರಾದರೂ ಸಭೆಯಲ್ಲಿದ್ದರೆ ಬರೆದುಕೊಳ್ಳಬೇಕು.

ಈಗ ಹತ್ತು ಕೊಂಡಿಗಳ ಪಟ್ಟಿಯ ಕಾಲವೂ ದಾಟುತ್ತಿದೆ. ಕೇಳಿದ್ದಕ್ಕೆ ಮೊಬೈಲು ನುಣ್ಣಗೆ ಒಂದು ಪ್ಯಾರಾ ಉತ್ತರ ಕೊಡುತ್ತದೆ. ಆರಿಸಲು ಏನೂ ಇಲ್ಲದಿದ್ದರೆ ಮಕ್ಕಳು ಯಾವುದರ ಮೇಲೆ ಮಾತಾಡಬೇಕು ಎಂಬ ಚಿಂತೆ ನನಗಿತ್ತು. ಇತ್ತೀಚೆಗೆ ಮೂಡಲಪಾಳ್ಯದ ಒಂದು ಮನೆಯಲ್ಲಿ ಅಕ್ಕಪಕ್ಕದ ಮೂವರು ಮಕ್ಕಳು ಒಂದೇ ಮೊಬೈಲ್ ಹಿಡಿದು ಪ್ರಾಜೆಕ್ಟ್ ಮಾಡುತ್ತಿದ್ದರು. ವಿಷಯ, ಬೆಂಗಳೂರಿನಲ್ಲಿ ಗುಬ್ಬಚ್ಚಿ ಯಾಕೆ ಕಡಿಮೆಯಾಯಿತು. ಕನ್ನಡದಲ್ಲಿ ಕೇಳಿದರೆ ಮೊಬೈಲ್ ಟವರನ್ನು ಮುಂದೆ ಮಾಡಿತು. ದೊಡ್ಡ ಹುಡುಗಿ ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದಳು. ಗೂಡು ಕಟ್ಟಲು ಜಾಗವಿಲ್ಲ, ಮರಿಗಳಿಗೆ ಹುಳ ಸಿಗುವುದಿಲ್ಲ ಎಂಬುದು ಮೊದಲಿಗೆ ಬಂತು. ಯಾವುದನ್ನು ಬರೆಯುವುದು ಎಂದು ಜಗಳ ಹತ್ತಿತು. ಕಡೆಗೆ ಒಳಗಿದ್ದ ಅಜ್ಜಿಯನ್ನು ಕರೆದರು. ಹೆಂಚಿನ ಮನೆಯ ಸಂದಿಯಲ್ಲಿ ಗೂಡಿರುತ್ತಿತ್ತು, ಮೊರದಲ್ಲಿ ಅಕ್ಕಿ ಕೇರುವಾಗ ಬಿದ್ದ ನುಚ್ಚಿಗೆ ಹಿಂಡು ಬರುತ್ತಿತ್ತು, ಈಗ ಹೆಂಚೂ ಇಲ್ಲ ಮೊರವೂ ಇಲ್ಲ ಅಂದರು ಆಕೆ. ಮಕ್ಕಳು ಗೂಡಿನ ಕಾರಣವನ್ನು ಮೊದಲು ಬರೆದು ಟವರನ್ನು ಕೆಳಕ್ಕೆ ಇಳಿಸಿದರು. ಶಾಲೆಯಲ್ಲಿ ಇದನ್ನು ಎಲ್ಲಿಂದ ತೆಗೆದುಕೊಂಡಿರಿ ಎಂದು ಕೇಳಿದಾಗ ಒಂದು ಮೊಬೈಲಿನ ಹೆಸರು, ಒಂದು ಅಜ್ಜಿಯ ಹೆಸರು ಬರೆದು ಕೊಟ್ಟರಂತೆ. ಅಂಕ ಎಷ್ಟು ಬಂತು ಅಂತ ನಾನು ಕೇಳಲಿಲ್ಲ.